ಹಲವು ನಾಲಗೆ, ಒಂದೇ ಕಥೆ

ಆರು ಮಂದಿ ಒಂದು ಚಾಪೆಯ ಮೇಲೆ ಕುಳಿತಿದ್ದಾರೆಂದು ಭಾವಿಸೋಣ. ಒಬ್ಬರು ಕುಂಬಳೆ ಸೀಮೆಯವರು, ಒಬ್ಬರು ಶಿರಸಿಯವರು, ಇಬ್ಬರು ಸಾಗರ-ಹೊಸನಗರದ ಅಡಕೆ ತೋಟದವರು, ಉಳಿದಿಬ್ಬರು ಶಿವಮೊಗ್ಗ ಪೇಟೆಯವರೇ. ಅವರಲ್ಲಿ ವಕೀಲರಿರಬಹುದು, ಅಧ್ಯಾಪಕರಿರಬಹುದು, ಬ್ಯಾಂಕಿನ ಗುಮಾಸ್ತರಿರಬಹುದು. ಯಾರ ಮುಖಕ್ಕೂ ಬಣ್ಣವಿಲ್ಲ, ತಲೆಯ ಮೇಲೆ ಕಿರೀಟವಿಲ್ಲ. ಬಿಳಿಯ ಪಂಚೆ, ಹೆಗಲ ಮೇಲೊಂದು ಶಾಲು, ಅಷ್ಟೇ. ಬರೆದ ಮಾತು ಯಾರ ಕೈಯಲ್ಲಿಯೂ ಇಲ್ಲ. ಹಿಂದಿನ ದಿನ ಅಭ್ಯಾಸ ನಡೆದಿಲ್ಲ. ಇಬ್ಬರು ಒಬ್ಬರನ್ನೊಬ್ಬರು ಮೊದಲ ಸಲ ನೋಡುತ್ತಿರುವುದೂ ಉಂಟು. ಹೀಗಿದ್ದೂ ಮೂರು ನಾಲ್ಕು ಗಂಟೆಗಳ ಕಾಲ ಇವರ ನಡುವೆ ಒಂದು ಕಥೆ ಬೆಳೆಯುತ್ತದೆ. ಒಬ್ಬನು ದುರ್ಯೋಧನನಾಗುತ್ತಾನೆ, ಒಬ್ಬನು ಕೃಷ್ಣನಾಗುತ್ತಾನೆ, ಒಬ್ಬನು ವಿದುರನಾಗುತ್ತಾನೆ. ಕಥೆ ಎಲ್ಲಿಯೂ ಹರಿಯುವುದಿಲ್ಲ, ಎಲ್ಲಿಯೂ ಗಂಟುಬೀಳುವುದಿಲ್ಲ. ಕೊನೆಗೆ ಮಂಗಳವಾದಾಗ ಕೇಳಿದವರಿಗೆ ಒಂದು ಇಡಿಯಾದ ನಾಟಕವನ್ನು ಕಂಡ ತೃಪ್ತಿಯಾಗುತ್ತದೆ.

ಇದೇ ನಮ್ಮ ತಾಳಮದ್ದಳೆ. ಇದರ ವಾಕ್ಚಾತುರ್ಯವನ್ನು ಹೊಗಳಿದವರು ಬಹಳ ಮಂದಿ. ಆದರೆ ಇಷ್ಟು ನಾಲಗೆಗಳು ಒಂದೇ ಕಥೆಯನ್ನು ಕೆಡಿಸದೆ ನಡೆಸಿಕೊಂಡು ಹೋಗುವುದು ಹೇಗೆ, ಅದಕ್ಕೆ ಯಾವ ಒಡಂಬಡಿಕೆ ಇದೆ, ಆ ಒಡಂಬಡಿಕೆ ಯಾವ ಕಾಲದಲ್ಲಿ ಹೇಗೆ ಬೆಳೆಯಿತು ಎಂಬ ವಿಚಾರ ಅಷ್ಟಾಗಿ ನಡೆದಂತೆ ಕಾಣುವುದಿಲ್ಲ. ಚಾಪೆಯ ಮೇಲಿನ ಮಾತಿಗಿಂತ ಚಾಪೆಯ ಕೆಳಗಿನ ಈ ಕಟ್ಟನ್ನು ಸ್ವಲ್ಪ ಬಿಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಘಟ್ಟ ಹತ್ತಿ ಬಂದ ಕಲೆ

ತಾಳಮದ್ದಳೆ ಎಂಬ ಹೆಸರು ಹಳೆಯದು. ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯ ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಸಂಬಂಧಿಸಿದ ೧೫೫೬ರ ಶಾಸನವೊಂದರಲ್ಲಿ, ತಾಳಮದ್ದಳೆಯ ಸೇವೆ ನಡೆಸುವವರಿಗೆ ಭೂಮಿ ಬಿಟ್ಟ ಸಂಗತಿ ಬರುತ್ತದೆ. ಆ ಹೊತ್ತಿನ ತಾಳಮದ್ದಳೆ ಇಂದಿನಂತೆ ಮಾತಿನ ಕೂಟವೇ ಆಗಿದ್ದಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ತಾಳ, ಮದ್ದಳೆಗಳೊಡನೆ ಕಥೆ ಹಾಡುವ ಪದ್ಧತಿಯೊಂದು ದೇವಾಲಯದ ಆಶ್ರಯ ಪಡೆಯುವಷ್ಟು ಬೆಳೆದಿದ್ದಿತೆಂಬುದು ಮಾತ್ರ ಸ್ಪಷ್ಟ. ಯಕ್ಷಗಾನದ ಚರಿತ್ರೆಯನ್ನು ತಾಳೆಗರಿಗಳಿಂದ ಹೆಕ್ಕಿ ತೆಗೆದು ಶಿವರಾಮ ಕಾರಂತರು ೧೯೫೭ರಲ್ಲಿ 'ಯಕ್ಷಗಾನ ಬಯಲಾಟ'ವನ್ನು ಪ್ರಕಟಿಸಿದರು; ೧೯೫೯ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಆಟವೆಂಬುದು ಹಳ್ಳಿಯವರ ಕಾಲಕ್ಷೇಪವೆಂದು ತಿಳಿದಿದ್ದ ಪಟ್ಟಣದ ವಿದ್ಯಾವಂತರು ಅದರ ಹಿಂದೆ ಶತಮಾನಗಳ ಸಾಹಿತ್ಯವಿದೆಯೆಂದು ಮನಗಂಡುದು ಬಹುಮಟ್ಟಿಗೆ ಆ ಗ್ರಂಥದಿಂದ.

ಕರಾವಳಿಯಲ್ಲಿ ಬೆಳೆದ ಈ ಕಲೆ ಮಲೆನಾಡಿಗೆ ಹೊಸದೇನೂ ಅಲ್ಲ. ಆಗುಂಬೆ, ಹುಲಿಕಲ್ಲು ಘಟ್ಟಗಳ ದಾರಿಯಲ್ಲಿ ಉಪ್ಪು, ಮೀನು, ಅಡಕೆ, ಮೆಣಸುಗಳು ಹೋಗಿ ಬಂದಂತೆಯೇ ಕಥೆಯೂ ಹಾಡೂ ಹೋಗಿ ಬಂದುವು. ಬೇಸಗೆಯಲ್ಲಿ ಮೇಳಗಳು ಗದ್ದೆಯ ಬಯಲಲ್ಲಿ ಆಟವಾಡುತ್ತವೆ. ಮಳೆ ಹಿಡಿದ ಮೇಲೆ ಬಯಲಾಟಕ್ಕೆ ಬಯಲೇ ಇಲ್ಲ. ತುಳುನಾಡಿನಲ್ಲಿ ಪತ್ತನಾಜೆಯ ಹೊತ್ತಿಗೆ, ಎಂದರೆ ಮೇ ತಿಂಗಳ ಕೊನೆಗೆ, ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿಯ ಸುಮಾರಿಗೆ. ವರುಷಕ್ಕೆ ಏಳು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂತಹ ಸೀಮೆಯಲ್ಲಿ ಆ ನಾಲ್ಕೈದು ತಿಂಗಳು ಜನ ಮನೆಯ ಜಗಲಿಯಲ್ಲಿಯೇ ಇರಬೇಕು. ಜಗಲಿ ಇದೆ, ದೀಪವಿದೆ, ಹಾಡಬಲ್ಲ ಒಬ್ಬ ಭಾಗವತನಿದ್ದಾನೆ, ಮಾತು ಬಲ್ಲ ನಾಲ್ಕು ಮಂದಿ ನೆರೆಯವರಿದ್ದಾರೆ. ವೇಷವೂ ಕುಣಿತವೂ ಬಿಟ್ಟುಹೋಗಿ ಹಾಡೂ ಮಾತೂ ಉಳಿದುವು. ಕಲೆಯೊಂದು ತನ್ನ ಅರ್ಧ ಭಾಗವನ್ನು ಮಳೆಗೆ ಒಪ್ಪಿಸಿ, ಉಳಿದರ್ಧವನ್ನು ಇಮ್ಮಡಿಯಾಗಿ ಬೆಳೆಸಿಕೊಂಡಿತು.

ಮೂರು ಹಂತದ ಒಡಂಬಡಿಕೆ

ಈಗ ನಮ್ಮ ಪ್ರಶ್ನೆಗೆ ಬರೋಣ. ಅರ್ಥಧಾರಿಗಳ ನಡುವಣ ಒಡಂಬಡಿಕೆಯನ್ನು ಮೂರು ಹಂತಗಳಲ್ಲಿ ಕಾಣಬಹುದು.

ಮೊದಲನೆಯದು ಪುರಾಣ. ಕುಮಾರವ್ಯಾಸನ ಭಾರತ, ತೊರವೆಯ ರಾಮಾಯಣ, ಲಕ್ಷ್ಮೀಶನ ಜೈಮಿನಿ ಭಾರತ, ಭಾಗವತದ ಕಥೆಗಳು ಇವು ಆಡುವವನಿಗೂ ಕೇಳುವವನಿಗೂ ಸಮನಾದ ಸ್ವತ್ತು. ಪಾಂಡುವಿಗೆ ಶಾಪವಿದ್ದಿತೆಂದೂ, ಕರ್ಣನು ಕುಂತಿಯ ಚೊಚ್ಚಲ ಮಗನೆಂದೂ, ಭೀಷ್ಮನು ಬ್ರಹ್ಮಚರ್ಯದ ಪ್ರತಿಜ್ಞೆ ಮಾಡಿದನೆಂದೂ ಯಾರೂ ಯಾರಿಗೂ ವಿವರಿಸಬೇಕಾದುದಿಲ್ಲ.

ಎರಡನೆಯದು ಪ್ರಸಂಗ. ಸಮುದ್ರದಂತಹ ಪುರಾಣದಿಂದ ಒಂದು ಕೊಡ ನೀರೆತ್ತಿ, ಇಂದು ಇಷ್ಟು ಎಂದು ಅಳತೆಮಾಡಿ ಕೊಡುವ ಪದ್ಯಗಳ ಪುಸ್ತಕವಿದು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು, ದೇವಿದಾಸನ ಹೆಸರಿನ 'ಕೃಷ್ಣಸಂಧಾನ', ನಂದಳಿಕೆಯ ಮುದ್ದಣನ 'ರತ್ನಾವತೀ ಕಲ್ಯಾಣ' ಮತ್ತು 'ಕುಮಾರವಿಜಯ' ಇಂತಹವು. ಪ್ರಸಂಗದಲ್ಲಿ ಮಾತು ಬಹಳ ಕಡಮೆ. ರಾಮನು ವಾಲಿಗೆ ಹೀಗೆಂದನು ಎಂದು ನಾಲ್ಕು ಸಾಲಿನ ಪದ್ಯವಿರುತ್ತದೆ. ಅದನ್ನು ಭಾಗವತ ಹಾಡುತ್ತಾನೆ. ಅದರ ಅರ್ಥವನ್ನು ಅರ್ಧ ಗಂಟೆ ಬಿಡಿಸಿ ಆಡುವವನು ಅರ್ಥಧಾರಿ. ಹೀಗೆ ಪದ್ಯವು ಎಲ್ಲರೂ ನಿಲ್ಲಬೇಕಾದ ಮೈಲಿಗಲ್ಲು. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಯಾವ ದಾರಿಯಲ್ಲಿ ಹೋಗುತ್ತಾರೆಂಬುದು ನಡೆಯುವವರ ಇಷ್ಟ. ಆದರೆ ಆ ಕಲ್ಲನ್ನು ತಪ್ಪಿಸಿ ಹೋಗುವ ಹಾಗಿಲ್ಲ.

ಮೂರನೆಯದು ಕೂಟಕ್ಕೆ ಮುಂಚಿನ ಮಾತುಕತೆ. ಕಾಫಿ ಕುಡಿಯುತ್ತ, ಎಲೆಯಡಕೆ ಹಾಕಿಕೊಳ್ಳುತ್ತ ನಡೆಯುವ ಈ ಹತ್ತು ನಿಮಿಷದ ಸಮಾಲೋಚನೆ ಕೇಳುವವರ ಕಣ್ಣಿಗೆ ಬೀಳುವುದಿಲ್ಲ. ಪ್ರಸಂಗ ಎಲ್ಲಿಂದ ಎಲ್ಲಿಗೆ? ಯಾವ ಪದ್ಯಗಳನ್ನು ಬಿಡುವುದು? ವಿದುರನ ಮನೆಯ ಔತಣ ಇರಬೇಕೋ, ನೇರವಾಗಿ ಸಭೆಗೆ ಬರಬೇಕೋ? ದ್ರೌಪದಿಗೆ ಎಷ್ಟು ಪದ್ಯ? ಸಭೆಯಲ್ಲಿ ಕರ್ಣನಿಗೆ ಮಾತುಂಟೋ, ಇಲ್ಲವೋ? ಇಷ್ಟು ನಿಶ್ಚಯವಾದರೆ ಸಾಕು. ಯಾವ ವಾದವನ್ನು ಹೂಡುತ್ತೇನೆಂದು ಒಬ್ಬನು ಇನ್ನೊಬ್ಬನಿಗೆ ಮೊದಲೇ ಹೇಳುವುದಿಲ್ಲ. ಹೇಳಿದರೆ ರುಚಿ ಕೆಟ್ಟಿತು. ಚೌಕಟ್ಟು ಎಲ್ಲರಿಗೂ ತಿಳಿದಿರಬೇಕು, ಚಿತ್ರ ಮಾತ್ರ ಎಲ್ಲರ ಎದುರಿಗೇ ಮೂಡಬೇಕು.

ಇಷ್ಟರ ಮೇಲೆ ಭಾಗವತನಿದ್ದಾನೆ. ಆತನನ್ನು ಬರಿಯ ಗಾಯಕನೆಂದು ತಿಳಿದರೆ ತಪ್ಪಾಗುತ್ತದೆ. ಮಾತು ಹದ ಮೀರಿತು, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿದೆ, ಅಥವಾ ಇಬ್ಬರು ಹಟಕ್ಕೆ ಬಿದ್ದಿದ್ದಾರೆ ಎಂದು ಕಂಡೊಡನೆ ಆತನು ಮುಂದಿನ ಪದ್ಯವನ್ನು ಎತ್ತಿಕೊಂಡುಬಿಡುತ್ತಾನೆ. ಮದ್ದಳೆಗೆ ಪೆಟ್ಟು ಬಿದ್ದರೆ ಎಂತಹ ವಾಗ್ಮಿಯಾದರೂ ಮಾತು ನಿಲ್ಲಿಸಲೇಬೇಕು. ನ್ಯಾಯಾಧೀಶನ ಅಧಿಕಾರವೂ ಮನೆಯ ಹಿರಿಯನ ನಯವೂ ಕೂಡಿದ ಸ್ಥಾನವದು.

ಸಂಗತಿ ಒಂದು, ಅರ್ಥ ಎರಡು

ಈ ಒಡಂಬಡಿಕೆ ಹೇಗೆ ಕೆಲಸಮಾಡುತ್ತದೆಂಬುದಕ್ಕೆ 'ವಾಲಿವಧೆ'ಗಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ವಾಲಿ ಸುಗ್ರೀವರ ವೈರದ ಮೂಲ ಒಂದು ಗುಹೆ. ಮಾಯಾವಿಯೆಂಬ ರಾಕ್ಷಸನನ್ನು ಅಟ್ಟಿಕೊಂಡು ವಾಲಿ ಬಿಲದೊಳಗೆ ಹೊಕ್ಕನು. ತಮ್ಮನು ಬಾಗಿಲಲ್ಲಿ ಕಾದನು. ವರುಷ ಕಳೆಯಿತು. ಒಳಗಿನಿಂದ ನೊರೆಯೊಡನೆ ನೆತ್ತರು ಹರಿದುಬಂದಿತು. ಸುಗ್ರೀವನು ಅಣ್ಣ ಮಡಿದನೆಂದು ತಿಳಿದು ಬಂಡೆಯನ್ನು ಮುಚ್ಚಿ ಊರಿಗೆ ಬಂದನು. ಮಂತ್ರಿಗಳು ಆತನಿಗೆ ಪಟ್ಟ ಕಟ್ಟಿದರು. ವಾಲಿ ಬದುಕಿ ಬಂದನು.

ಇಷ್ಟು ಸಂಗತಿ ಇಬ್ಬರಿಗೂ ಸಾಮಾನ್ಯ. ವಾಲಿಯ ಅರ್ಥಧಾರಿ 'ನಾನು ಗುಹೆಗೆ ಹೋಗಲೇ ಇಲ್ಲ' ಎನ್ನುವ ಹಾಗಿಲ್ಲ. ಸುಗ್ರೀವನ ಅರ್ಥಧಾರಿ 'ನಾನು ಬಂಡೆ ಮುಚ್ಚಲಿಲ್ಲ' ಎನ್ನುವ ಹಾಗಿಲ್ಲ. ಆದರೆ ಬಂಡೆ ಮುಚ್ಚಿದ್ದೇಕೆ? ಭಯದಿಂದಲೇ, ಊರಿನ ರಕ್ಷಣೆಗಾಗಿಯೇ, ಅಥವಾ ಪಟ್ಟದ ಆಸೆಯಿಂದಲೇ? ಒಳಗೆ ಹೋಗಿ ನೋಡಬಾರದಾಗಿತ್ತೆ? ಅಳುತ್ತ ಬಂದವನು ಪಟ್ಟವೇರಿದ್ದೇಕೆ? ವಾಲಿ ಹೀಗೆ ಕೇಳುತ್ತಾನೆ. ವರುಷವಿಡೀ ಬಾಗಿಲು ಕಾದವನನ್ನು ದ್ರೋಹಿಯೆಂದು ಕರೆಯುವುದು ಯಾವ ನ್ಯಾಯವೆಂದು ಸುಗ್ರೀವ ಕೇಳುತ್ತಾನೆ. ಸಂಗತಿ ಇಬ್ಬರ ಒಟ್ಟು ಆಸ್ತಿ, ಅರ್ಥ ಅವರವರ ಪ್ರತ್ಯೇಕ ಪಾಲು. ಮಾತನಾಡುವವನಿಗೆ ಅರ್ಥಧಾರಿಯೆಂಬ ಹೆಸರು ಸುಮ್ಮನೆ ಬಂದುದಲ್ಲ.

ಬಾಣ ತಗುಲಿದ ಮೇಲೆ ರಾಮನೊಡನೆ ನಡೆಯುವ ವಾದವಂತೂ ಇಡೀ ತಾಳಮದ್ದಳೆಯ ಲೋಕಕ್ಕೆ ಕಿರೀಟಪ್ರಾಯವಾದುದು. ವಾಲ್ಮೀಕಿಯೇ ಎರಡು ಪಕ್ಷಕ್ಕೂ ಸಾಮಗ್ರಿ ಒದಗಿಸಿದ್ದಾನೆ. ನಿನ್ನ ನಾಡಿಗೆ ನಾನೇನು ಕೇಡು ಮಾಡಿದ್ದೆ? ನನ್ನ ಮಾಂಸ ತಿನ್ನಲು ಬಾರದು, ತೊಗಲು ಉಡಲು ಬಾರದು. ಇನ್ನೊಬ್ಬನೊಡನೆ ಕಾದುತ್ತಿದ್ದವನನ್ನು ಮರೆಯಿಂದ ಹೊಡೆದೆಯಲ್ಲ? ನನ್ನನ್ನು ಕೇಳಿದ್ದರೆ ಒಂದೇ ದಿನದಲ್ಲಿ ನಿನ್ನ ಮಡದಿಯನ್ನು ತಂದೊಪ್ಪಿಸುತ್ತಿದ್ದೆ, ಎಂಬುದು ವಾಲಿಯ ಪಕ್ಷ. ಈ ಭೂಮಿ ಇಕ್ಷ್ವಾಕು ಕುಲದ ಆಳ್ವಿಕೆಗೆ ಸೇರಿದುದು, ತಮ್ಮನಿರುವಾಗಲೇ ಅವನ ಮಡದಿ ರುಮೆಯನ್ನು ಇಟ್ಟುಕೊಂಡ ನೀನು ದಂಡ್ಯನು ಎಂಬುದು ರಾಮನ ಪಕ್ಷ. ಸಮರ್ಥನಾದ ಅರ್ಥಧಾರಿ ವಾಲಿಯಾದರೆ ವಾದದಲ್ಲಿ ರಾಮನು ಸೋತಂತೆಯೇ ತೋರಬಹುದು. ವಾಲಿ, ರಾವಣ ಮೊದಲಾದ ಪಾತ್ರಗಳಿಗೆ ಹೆಸರಾಗಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ಎದುರಿಗೆ ಕುಳಿತರೆ ರಾಮನಾದವನಿಗೆ ಒಳಗೊಳಗೇ ನಡುಕವೆಂದು ಕೇಳುಗರು ಹೇಳುವುದುಂಟು. ಆದರೂ ಪದ್ಯ ಹೇಳುತ್ತದೆ: ವಾಲಿ ಮಣಿಯಬೇಕು, ಅಂಗದನನ್ನು ಒಪ್ಪಿಸಬೇಕು, ಸಾಯಬೇಕು. ವಾದದಲ್ಲಿ ಗೆದ್ದವನು ಕಥೆಯಲ್ಲಿ ಸೋಲಬೇಕು. ಗೆಲ್ಲುತ್ತಿರುವ ವಾದವನ್ನು ಸರಿಯಾದ ಹೊತ್ತಿಗೆ ಸಡಿಲಬಿಟ್ಟು, ಸೋಲಿಗೂ ಒಂದು ನ್ಯಾಯವಾದ ಕಾರಣವನ್ನು ತನ್ನ ಬಾಯಿಂದಲೇ ತಾನು ಕಟ್ಟಿಕೊಡುವುದರಲ್ಲಿ ಕಲಾವಿದನ ನಿಜವಾದ ಹಿರಿತನವಿದೆ.

ಯಾರಿಗೆ ಏನು ಗೊತ್ತು?

ಬರೆದಿಡದ ನಿಯಮಗಳು ಇನ್ನೂ ಸೂಕ್ಷ್ಮವಾದುವಿವೆ. ಪಾತ್ರಕ್ಕೆ ಗೊತ್ತಿರುವುದು ಬೇರೆ, ಅರ್ಥಧಾರಿಗೆ ಗೊತ್ತಿರುವುದು ಬೇರೆ. ಕುರುಕ್ಷೇತ್ರದಲ್ಲಿ ಎದುರು ನಿಂತ ಅರ್ಜುನನು ತನ್ನ ತಮ್ಮನೆಂದು ಕರ್ಣನಿಗೆ ಗೊತ್ತು. ಸಂಧಾನ ಮುರಿದ ಮೇಲೆ ಕೃಷ್ಣನು ಹೇಳಿದ್ದಾನೆ. ಅರ್ಜುನನಿಗೆ ಗೊತ್ತಿಲ್ಲ. ಅರ್ಜುನನ ಅರ್ಥಧಾರಿಗೂ ಸಭೆಯ ಪ್ರತಿಯೊಬ್ಬನಿಗೂ ಗೊತ್ತಿದ್ದರೂ, ಅರ್ಜುನನ ಬಾಯಿಂದ ಅಣ್ಣ ಎಂಬ ಅರ್ಥದ ಒಂದು ಸುಳಿವೂ ಬೀಳಕೂಡದು. ಬಿದ್ದರೆ ಕರ್ಣನ ದುಃಖಕ್ಕೆ ನೆಲೆಯೇ ತಪ್ಪಿತು.

ಕಾಲದ ಕ್ರಮವೂ ಹಾಗೆಯೇ. 'ಭೀಷ್ಮವಿಜಯ'ದ ಭೀಷ್ಮನು ಗುರುವಾದ ಪರಶುರಾಮನೊಡನೆ ಧರ್ಮವನ್ನು ವಾದಿಸುವಾಗ, ಕುರುಕ್ಷೇತ್ರದಲ್ಲಿ ಮುಂದೆಂದೋ ಹುಟ್ಟಲಿರುವ ಗೀತೆಯ ಮಾತನ್ನು ಗೀತೆಯದೆಂದು ಎತ್ತಿ ಹೇಳುವಂತಿಲ್ಲ. ತ್ರೇತಾಯುಗದ ರಾಮನಿಗೆ ದ್ವಾಪರದ ದೃಷ್ಟಾಂತ ಸಲ್ಲದು. ಒಬ್ಬನು ಎಚ್ಚರ ತಪ್ಪಿದನೆಂದರೆ ಎದುರಾಳಿ ಅದನ್ನು ಹಿಡಿದುಕೊಂಡು ನಗಿಸಿಬಿಡುತ್ತಾನೆ.

ಮೂಲಗಳೇ ಒಂದಕ್ಕೊಂದು ಕೂಡದಿದ್ದಾಗ ಕಷ್ಟ ಹೆಚ್ಚು. ಸುಧನ್ವನ ಕಥೆ ವ್ಯಾಸಭಾರತದಲ್ಲಿಲ್ಲ, ಜೈಮಿನಿಯಲ್ಲಿದೆ. 'ಸುಧನ್ವಾರ್ಜುನ' ನಡೆಯುವ ಸಂಜೆ ಕಾದ ಎಣ್ಣೆಯ ಕೊಪ್ಪರಿಗೆಯನ್ನೂ ಮೂರು ಬಾಣಗಳ ಪ್ರತಿಜ್ಞೆಯನ್ನೂ ಎಲ್ಲರೂ ಒಪ್ಪಬೇಕು. ವ್ಯಾಸರಲ್ಲಿ ಇದೆಲ್ಲಿದೆ ಎಂದು ಅರ್ಜುನನು ಕೇಳಕೂಡದು. ದುಶ್ಶಾಸನನ ನೆತ್ತರಿನಿಂದ ಮುಡಿ ಕಟ್ಟುವ ದ್ರೌಪದಿಯ ಶಪಥವೂ ಮೂಲಭಾರತಕ್ಕಿಂತ ಪಂಪ, ಕುಮಾರವ್ಯಾಸರ ಕನ್ನಡದಲ್ಲಿ ಬೆಳೆದು ನಮ್ಮ ಮನಸ್ಸಿನಲ್ಲಿ ನಿಂತಿರುವುದು. ಸಂಧಾನಕ್ಕೆ ಹೊರಟ ಕೃಷ್ಣನ ಮುಂದೆ ಬಿಚ್ಚಿದ ಮುಡಿ ಹಿಡಿದು ನಿಲ್ಲುವ ದ್ರೌಪದಿ ಇಲ್ಲದಿದ್ದರೆ 'ಕೃಷ್ಣಸಂಧಾನ'ದ ಅರ್ಧ ಬಲ ಹೋಯಿತು. ಹಾಗೆಯೇ ವಿದುರನು ಸಭೆಯಲ್ಲಿ ಬಿಲ್ಲು ಮುರಿದ ಸಂಗತಿ. ಒಮ್ಮೆ ಆ ಬಿಲ್ಲು ಮುರಿದರೆ ಮುಂದಿನ ಯಾವ ಪ್ರಸಂಗದಲ್ಲಿಯೂ ವಿದುರನಿಗೆ ಬಿಲ್ಲಿಲ್ಲ. ಇಂದು ಆಡಿದ ಮಾತು ನಾಳಿನ ಕೂಟವನ್ನೂ ಕಟ್ಟಿಹಾಕುತ್ತದೆ. ಇಂತಹ ತೊಡಕುಗಳಲ್ಲಿ ಬಳಕೆಯಲ್ಲಿರುವ ಸೂತ್ರ ಒಂದೇ: ಹೊತ್ತಿನ ಪ್ರಸಂಗ ಏನು ಹೇಳುತ್ತದೆಯೋ ಅದು ಆ ಹೊತ್ತಿಗೆ ಪ್ರಮಾಣ. ಪ್ರಸಂಗ ಸುಮ್ಮನಿರುವಲ್ಲಿ ಕನ್ನಡದ ಕಾವ್ಯ; ಅದೂ ಸುಮ್ಮನಿರುವಲ್ಲಿ ಸಂಸ್ಕೃತದ ಮೂಲ; ಅದರಾಚೆಗೆ ಅರ್ಥಧಾರಿಯ ವಿವೇಕ.

ಇಲ್ಲಿ ನಮ್ಮ ದೇಶದ ರಾಜ್ಯಾಂಗದ ಚರಿತ್ರೆಯೊಂದು ನೆನಪಿಗೆ ಬರುತ್ತದೆ. ಕಾಸರಗೋಡಿನ ಬಳಿಯ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರು ವಕೀಲರಿಗೆಲ್ಲ ಬಾಯಿಪಾಠ. ಅವರು ಹೂಡಿದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಹದಿಮೂರು ಮಂದಿ ನ್ಯಾಯಮೂರ್ತಿಗಳ ಪೀಠ ೧೯೭೩ರ ಏಪ್ರಿಲ್ ೨೪ರಂದು ತೀರ್ಪು ಕೊಟ್ಟಿತು: ಸಂಸತ್ತು ರಾಜ್ಯಾಂಗವನ್ನು ತಿದ್ದಬಹುದು, ಆದರೆ ಅದರ ಮೂಲ ಕಟ್ಟನ್ನು ಅಲುಗಿಸಕೂಡದು. ೨೦೨೦ರಲ್ಲಿ ತೀರಿಕೊಂಡ ಆ ಸ್ವಾಮಿಗಳು ಯಕ್ಷಗಾನದ ದೊಡ್ಡ ಪೋಷಕರಾಗಿದ್ದರು, ಸ್ವತಃ ಭಾಗವತಿಕೆ ಬಲ್ಲವರಾಗಿದ್ದರು ಎಂಬುದು ವಕೀಲರಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ. ಆ ತೀರ್ಪಿಗೂ ತಾಳಮದ್ದಳೆಗೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೆ ಮಾತು ಎಷ್ಟಾದರೂ ಬೆಳೆಯಲಿ, ಮೂಲದ ಕಟ್ಟು ಮುರಿಯದಿರಲಿ ಎಂಬ ತತ್ತ್ವ ಅವರು ಆಸೆಪಟ್ಟು ಕೇಳುತ್ತಿದ್ದ ಕೂಟಗಳಲ್ಲಿ ದಿನವೂ ಆಚರಣೆಯಲ್ಲಿದ್ದುದು ಮಾತ್ರ ನಿಜ.

ಬೇರೆ ನಾಡಿನ ಬಂಧುಗಳು

ಬರೆದ ಮಾತಿಲ್ಲದೆ ಹಲವರು ಕೂಡಿ ನಾಟಕ ಕಟ್ಟುವುದು ನಮ್ಮಲ್ಲಿ ಮಾತ್ರವೇ ಇದ್ದುದಲ್ಲ. ಇಟಲಿಯಲ್ಲಿ ೧೬ನೆಯ ಶತಮಾನದಲ್ಲಿ ಕೊಮೆದಿಯ ದೆಲ್ಲಾರ್ತೆ ಎಂಬ ನಾಟಕ ಪದ್ಧತಿ ತಲೆಯೆತ್ತಿತು. ೧೫೪೫ರಲ್ಲಿ ಪದುವ ನಗರದಲ್ಲಿ ಕೆಲವು ನಟರು ಕೂಡಿ ಕಂಪೆನಿ ಕಟ್ಟಿಕೊಂಡ ಕರಾರುಪತ್ರ ಇಂದಿಗೂ ಉಳಿದಿದೆ. ಅವರ ಕೈಯಲ್ಲಿಯೂ ಸಂಭಾಷಣೆ ಇರಲಿಲ್ಲ. ಯಾರು ಯಾವಾಗ ಬರುತ್ತಾರೆ, ಏನು ನಡೆಯುತ್ತದೆ ಎಂಬ ಕಥಾಸಾರದ ಹಾಳೆಯನ್ನು ತೆರೆಯ ಹಿಂದೆ ತೂಗುಹಾಕಿರುತ್ತಿದ್ದರು. ಅದನ್ನು ನೋಡಿಕೊಂಡು ನಟರು ಮಾತನ್ನು ಅಲ್ಲಿಯೇ ಹುಟ್ಟಿಸುತ್ತಿದ್ದರು. ಫ್ಲಮೀನಿಯೊ ಸ್ಕಾಲ ಎಂಬಾತ ೧೬೧೧ರಲ್ಲಿ ಅಂತಹ ಐವತ್ತು ಕಥಾಸಾರಗಳನ್ನು ಅಚ್ಚು ಹಾಕಿಸಿದನು. ನಮ್ಮ ಪ್ರಸಂಗದ ಪುಸ್ತಕಕ್ಕೂ ಅದಕ್ಕೂ ಹೋಲಿಕೆ ಸ್ಪಷ್ಟವಾಗಿದೆ. ವ್ಯತ್ಯಾಸವೂ ಇದೆ. ಅವರ ಕಥೆ ಜಿಪುಣ ಮುದುಕ, ಕುತಂತ್ರಿ ಆಳು, ಬಡಾಯಿಯ ಸಿಪಾಯಿ ಎಂಬ ಮಾದರಿಗಳನ್ನು ನೆಚ್ಚಿಕೊಂಡಿದ್ದಿತು. ನಮ್ಮದು ಎಲ್ಲರಿಗೂ ತಿಳಿದ ಪುರಾಣವನ್ನು.

ಇಂದಿನ ಹುಡುಗರ ಆಟವೊಂದನ್ನೂ ಈ ಬಳಗಕ್ಕೆ ಸೇರಿಸಬಹುದು. ೧೯೭೪ರಲ್ಲಿ ಅಮೆರಿಕದ ಗೇರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಹೊರತಂದರು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ. ಕಥೆ ನಡೆಸಲು ಒಬ್ಬ ನಿರ್ವಾಹಕನಿರುತ್ತಾನೆ. ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಇದೇ ಬಗೆಯ ಆಟವನ್ನು ಗಣಕಯಂತ್ರದೊಳಕ್ಕೆ ತಂದರು. ಈಗ ಬೇರೆ ಬೇರೆ ಊರುಗಳಲ್ಲಿ ಕುಳಿತವರು ಅಂತರಜಾಲದ ಮೂಲಕ ಒಂದೇ ಕಲ್ಪಿತ ರಾಜ್ಯದ ಪ್ರಜೆಗಳಾಗಿ ತಿಂಗಳುಗಟ್ಟಲೆ ಕಥೆ ಬೆಳೆಸುತ್ತಾರೆ. ಅವರಿಗೂ ಎದುರಾಗುವ ತೊಡಕು ನಮ್ಮ ಜಗಲಿಯದೇ. ಯುದ್ಧ ಯಾವ ವರುಷ ನಡೆಯಿತು, ರಾಜ ಸತ್ತನೋ ಬದುಕಿದ್ದಾನೋ, ಒಬ್ಬನು ತನ್ನ ಪಾತ್ರದ ಹಿರಿಮೆಗಾಗಿ ಊರನ್ನೇ ಸುಟ್ಟೆನೆಂದು ಹೇಳಿಬಿಟ್ಟರೆ ಅದೇ ಊರಿನಲ್ಲಿ ಅಂಗಡಿಯಿಟ್ಟ ಇನ್ನೊಬ್ಬನ ಪಾತ್ರದ ಗತಿಯೇನು? ಅವರು ಹಿನ್ನೆಲೆಯ ಕಥೆಯನ್ನು ತಾವೇ ಬರೆದು, ಒಪ್ಪಿಸಿ, ತಿದ್ದಿ, ಕಾಪಾಡಬೇಕು. ನಮ್ಮ ಅರ್ಥಧಾರಿಗಳಿಗೆ ಆ ಹಿನ್ನೆಲೆಯನ್ನು ಹಿರಿಯರು ಕಟ್ಟಿ ಕೊಟ್ಟುಹೋಗಿದ್ದಾರೆ. ಕಟ್ಟುವ ಶ್ರಮವಿಲ್ಲ, ಉಳಿಸಿಕೊಳ್ಳುವ ಹೊಣೆ ಮಾತ್ರ ಇದೆ.

ತುಂಗೆಯ ದಡದ ಓದು

ಆ ಹೊಣೆಯ ಮಾತು ಬಂದಾಗ ಶಿವಮೊಗ್ಗಕ್ಕೆ ವಿಶೇಷವಾದ ಸ್ಥಾನವಿದೆ. ಪೇಟೆಯಿಂದ ಕೆಲವೇ ಮೈಲಿ ದೂರದಲ್ಲಿ, ತುಂಗೆಯ ಎರಡು ದಡಗಳಲ್ಲಿ ಎದುರುಬದುರಾಗಿ ಮತ್ತೂರು, ಹೊಸಹಳ್ಳಿ ಎಂಬ ಎರಡು ಗ್ರಾಮಗಳಿವೆ. ಸಂಸ್ಕೃತದ ಮಾತಿನಿಂದ ಮತ್ತೂರು ಲೋಕಪ್ರಸಿದ್ಧವಾಗಿದೆ. ಆದರೆ ಗಮಕ ಕಲೆಗೆ ಈ ಜೋಡಿ ಊರುಗಳು ಸಲ್ಲಿಸಿದ ಸೇವೆ ಅದಕ್ಕಿಂತ ಕಡಮೆಯದಲ್ಲ. ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ಅದನ್ನು ವ್ಯಾಖ್ಯಾನಿಸುತ್ತಾರೆ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಗಳ ವಾಚನಕ್ಕೆ ೨೦೨೨ರಲ್ಲಿ ಪದ್ಮಶ್ರೀ ಸಂದಿತು. ಆ ವರುಷದ ಕೊನೆಯಲ್ಲಿಯೇ ಅವರು ತೀರಿಕೊಂಡರು. ಲಂಡನ್ನಿನ ಭಾರತೀಯ ವಿದ್ಯಾಭವನವನ್ನು ದೀರ್ಘಕಾಲ ನಡೆಸಿದ ಮತ್ತೂರು ಕೃಷ್ಣಮೂರ್ತಿಗಳು ತಾಯ್ನಾಡಿಗೆ ಮರಳಿದ ಮೇಲೆ ಭಾರತದ ವ್ಯಾಖ್ಯಾನದಿಂದ ಮನೆಮಾತಾದರು. ೨೦೧೧ರಲ್ಲಿ ಅವರೂ ಹೋದರು.

ಗಮಕಕ್ಕೂ ತಾಳಮದ್ದಳೆಗೂ ನೇರವಾದ ನಂಟಿಲ್ಲವೆಂದು ತೋರಬಹುದು. ಗಮಕದಲ್ಲಿ ಪಾತ್ರವಿಲ್ಲ, ವಾದವಿಲ್ಲ. ಆದರೆ ತಾಳಮದ್ದಳೆಗೆ ಬೇಕಾದ ಕೇಳುಗನನ್ನು ತಯಾರಿಸುವುದು ಇಂತಹ ಓದು. ಮಳೆಗಾಲದ ಸಂಜೆಗಳಲ್ಲಿ ಭಾರತ ಕೇಳಿ ಬೆಳೆದವನಿಗೆ ವಿದುರನ ಬಿಲ್ಲಿನ ಬೆಲೆ ಗೊತ್ತು. ಅವನು ಸಭೆಯಲ್ಲಿ ಕುಳಿತರೆ ಅರ್ಥಧಾರಿಗೆ ಅರ್ಧ ಮಾತು ಸಾಕು. ಉಳಿದರ್ಧವನ್ನು ಕೇಳುಗನೇ ಮನಸ್ಸಿನಲ್ಲಿ ಪೂರೈಸಿಕೊಳ್ಳುತ್ತಾನೆ. ಚಿಕ್ಕ ಮಾತಿನಲ್ಲಿ ದೊಡ್ಡ ಅರ್ಥ ಅಡಗಿಸುವುದಕ್ಕೆ ಹೆಸರಾದ ದೇರಾಜೆ ಸೀತಾರಾಮಯ್ಯನವರಂತಹವರ (೧೯೧೪–೧೯೮೪) ಕಲೆ ಮೆರೆದುದು ಇಂತಹ ಕೇಳುಗರ ಮುಂದೆ. ಹಾಗಾಗಿ ಒಡಂಬಡಿಕೆ ಚಾಪೆಯ ಮೇಲಿನ ಆರು ಮಂದಿಯದು ಮಾತ್ರವಲ್ಲ. ಚಾಪೆಯ ಕೆಳಗೆ ಕುಳಿತ ಮುನ್ನೂರು ಮಂದಿಯೂ ಅದಕ್ಕೆ ರುಜು ಹಾಕಿದವರೇ.

ಪಟ್ಟಣದ ಕಷ್ಟ

ಈಗ ಆತಂಕವಿರುವುದು ಆ ರುಜುವಿನ ವಿಷಯದಲ್ಲಿ. ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ ೧೯೨೩ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉರಿಹಚ್ಚಿತು. ೧೯೩೦ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದಿತು. ಹಲವು ಸೀಮೆಗಳ, ಹಲವು ಭಾಷೆಗಳ ಜನ ಅಲ್ಲಿಗೆ ಬಂದು ನೆಲಸಿದರು. ಒಂದೇ ಜಗಲಿಯ ಕಥೆಯನ್ನು ಕೇಳಿ ಬೆಳೆದವರಲ್ಲ ಅವರು. ಪಾಳಿಯ ಸಿಳ್ಳಿಗೆ ಎದ್ದು ಹೋಗಬೇಕಾದವನು ಬೆಳಗಿನವರೆಗೆ ಕರ್ಣನ ಕಥೆ ಕೇಳುತ್ತ ಕೂರಲಾರ. ೧೯೬೫ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿಯ ನಿಲಯ ತೆರೆದ ಮೇಲೆ ಮಲೆನಾಡಿನ ಮನೆಮನೆಗೂ ಬಾನುಲಿಯ ದನಿ ತಲಪಿತು. ಬಾನುಲಿಯ ಮಾತಿಗೆ ಗಡಿಯಾರವೇ ಭಾಗವತ. ಅರ್ಧ ಗಂಟೆ, ಒಂದು ಗಂಟೆಯೆಂದರೆ ಅಷ್ಟೇ. ರಾತ್ರಿಯಿಡೀ ನಡೆಯುತ್ತಿದ್ದ ಕೂಟ ಪಟ್ಟಣದ ಸಭಾಂಗಣದಲ್ಲಿ ಮೂರು ಗಂಟೆಗೆ ಇಳಿದುದಕ್ಕೆ ಇಂತಹ ಕಾರಣಗಳು ಹಲವು. ಇಳಿದುದರಿಂದ ಕೆಡುಕೇ ಆಯಿತೆಂದು ಹೇಳಲಾಗದು. ಹುರುಳಿಲ್ಲದ ಮಾತಿನ ಜಗ್ಗಾಟ ಕಡಮೆಯಾಯಿತು.

ಕೆಡುಕು ಬೇರೆ ಕಡೆಯಿಂದ ಬರುತ್ತಿದೆ. ಕೇಳುಗನಿಗೆ ಹಿನ್ನೆಲೆ ತಿಳಿಯದಿದ್ದಾಗ ಅರ್ಥಧಾರಿಗೆ ಎರಡೇ ದಾರಿ. ಒಂದು, ಪ್ರತಿಯೊಂದನ್ನೂ ಬಿಡಿಸಿ ಹೇಳುವುದು. ಆಗ ವಾದ ಪಾಠವಾಗುತ್ತದೆ. ಇನ್ನೊಂದು, ಕಥೆಯನ್ನು ಕೈಬಿಟ್ಟು ಚಪ್ಪಾಳೆಗೆ ಬರುವ ಮಾತನ್ನು ಹಿಡಿಯುವುದು; ಆಗ ದುರ್ಯೋಧನನ ಬಾಯಿಂದ ನಿನ್ನೆಯ ಚುನಾವಣೆಯ ಹಾಸ್ಯ ಹೊರಡುತ್ತದೆ. ಹೆಸರಾಂತ ಇಬ್ಬರನ್ನು ಕರೆಸಿ ಕೋಳಿ ಅಂಕದಂತೆ ಎದುರುಬದುರು ಬಿಟ್ಟು, ಯಾರು ಯಾರನ್ನು ಕಟ್ಟಿಹಾಕಿದರೆಂದು ಲೆಕ್ಕವಿಡುವ ಸಂಘಟಕರೂ ಇದ್ದಾರೆ. ಅಂತಹ ಕಡೆ ವಾಲಿ ಸಾಯಲು ಒಪ್ಪುವುದೇ ಇಲ್ಲ; ಭಾಗವತನು ಮದ್ದಳೆಯ ಬಲದಿಂದ ಕೊಲ್ಲಬೇಕಾಗುತ್ತದೆ. ಎದುರಾಳಿಯನ್ನು ಮಾತಿಲ್ಲದಂತೆ ಮಾಡುವುದು ಗೆಲವಲ್ಲ. ಎದುರಾಳಿಗೆ ಉತ್ತರಿಸಲು ಎಡೆಯಿಟ್ಟು ಪ್ರಶ್ನೆ ಕೇಳುವುದು ಈ ಕಲೆಯ ಸಭ್ಯತೆ. ಆ ಸಭ್ಯತೆ ತಪ್ಪಿದ ದಿನ ಉಳಿಯುವುದು ಭಾಷಣಗಳ ಸಾಲು ಮಾತ್ರ.

ಆದರೆ ನಿರಾಶೆಗೆ ಕಾರಣವಿಲ್ಲ. ಇತ್ತೀಚಿನ ದಶಕಗಳಲ್ಲಿ ಹೆಂಗಸರ ತಾಳಮದ್ದಳೆ ತಂಡಗಳು ಎದ್ದಿವೆ. ಶತಮ ಶತಮಾನಗಳಿಂದ ಗಂಡಸರ ಬಾಯಲ್ಲಿ ಮಾತನಾಡಿದ ದ್ರೌಪದಿ, ಅಂಬೆ, ತಾರೆಯರು ಈಗ ತಮ್ಮ ದನಿಯಲ್ಲಿಯೇ ಕೇಳತೊಡಗಿದ್ದಾರೆ. ಪ್ರಸಂಗದ ಪದ್ಯ ಅದೇ, ಸಂಗತಿ ಅದೇ; ಅರ್ಥ ಮಾತ್ರ ಹೊಸದು. ಚೌಕಟ್ಟು ಗಟ್ಟಿಯಾಗಿದ್ದುದರಿಂದಲೇ ಇದು ಸಾಧ್ಯವಾಯಿತು. ಅಂಬೆಯ ಕಥೆ ಎಲ್ಲರಿಗೂ ತಿಳಿದಿರುವುದರಿಂದ, ಅವಳು ಹೊಸ ಪ್ರಶ್ನೆ ಕೇಳಿದೊಡನೆ ಅದು ಹೊಸದೆಂದು ಸಭೆಗೆ ಗೊತ್ತಾಗುತ್ತದೆ. ಹಳೆಯದು ತಿಳಿಯದವರ ನಡುವೆ ಹೊಸದೆಂಬುದಕ್ಕೆ ಬೆಲೆಯಿಲ್ಲ.

ಶಿವಮೊಗ್ಗದ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಸೇರುತ್ತವೆ. ಸೇರಿದ ಮೇಲೆ ಇದು ತುಂಗೆಯ ನೀರು, ಇದು ಭದ್ರೆಯ ನೀರು ಎಂದು ಬೇರೆ ಮಾಡುವುದು ಯಾರಿಂದಲೂ ಆಗದು. ಆದರೆ ಎರಡು ಹೊಳೆಗಳೂ ಸೇರಬೇಕಾದರೆ ಮೊದಲು ಎರಡರಲ್ಲಿಯೂ ನೀರಿರಬೇಕು. ಮಾತನಾಡುವವರ ಹೊಳೆಯಲ್ಲಿ ಇನ್ನೂ ನೀರಿದೆ, ಬತ್ತುತ್ತಿರುವುದು ಕೇಳುವವರದು. ತಾಳಮದ್ದಳೆಯನ್ನು ಉಳಿಸಲು ಬಹುಮಾನ, ಶಾಲು, ಹಾರಗಳಿಗಿಂತ ಮುಂಚೆ ಆಗಬೇಕಾದ ಕೆಲಸ ಬಹಳ ಸಣ್ಣದು, ಖರ್ಚಿಲ್ಲದ್ದು. ಮನೆಯಲ್ಲಿ ಮಕ್ಕಳ ಮುಂದೆ ವಾರಕ್ಕೊಂದು ಸಂಜೆ ಕುಮಾರವ್ಯಾಸನ ಒಂದು ಸಂಧಿಯನ್ನು ಓದಿ, ಕರ್ಣನದು ಸರಿಯೋ ಕೃಷ್ಣನದು ಸರಿಯೋ ಎಂದು ಅವರನ್ನೇ ಕೇಳಿ ನೋಡಬೇಕು. ಒಂದು ಮಗು ಕರ್ಣನ ಪಕ್ಷ, ಇನ್ನೊಂದು ಕೃಷ್ಣನ ಪಕ್ಷ ಹಿಡಿದು ಜಗಳಕ್ಕೆ ನಿಂತಿತೆಂದರೆ ತಂದೆತಾಯಿಗಳು ಗದರಿಸಬಾರದು. ಭಾಗವತನಂತೆ ತಾಳ ಹಿಡಿದು ಕುಳಿತು, ಹದ ಮೀರಿದಾಗ ಮಾತ್ರ ಮುಂದಿನ ಪದ್ಯವನ್ನು ಎತ್ತಿಕೊಂಡರೆ ಸಾಕು.